ಲಾಗಿನ್ ಫೇಲ್ಡ್: ತೆರೆಯದ ಬಾಗಿಲುಗಳ ಒಂದು ಸಣ್ಣ ಚರಿತ್ರೆ

ರಾತ್ರಿ ಎರಡೂವರೆಗೆ ಓಡಬೇಕಾದ ಜಾಬ್ ಫೇಲ್ ಆಗಿದೆ ಎಂಬ ಎಸ್ಸೆಮ್ಮೆಸ್ ನೋಡಿ ಹಾಸಿಗೆಯಿಂದ ಎದ್ದು ಕೂತವರು ಇದನ್ನು ಓದುವವರಲ್ಲಿ ಎಷ್ಟೋ ಮಂದಿ ಇದ್ದೀರಿ. ಪುಣೆಯ ಹಿಂಜವಡಿ, ಹೈದರಾಬಾದಿನ ಮಾಧಾಪುರ, ನಮ್ಮ ನವಿ ಮುಂಬಯಿಯ ಐರೋಲಿ, ಎಲ್ಲಿದ್ದರೂ ಆ ಗಳಿಗೆ ಒಂದೇ ತರಹ. ಪರದೆಯ ಮೇಲೆ ಕೆಂಪಕ್ಷರದಲ್ಲಿ ಒಂದು ಸಾಲು: ಲಾಗಿನ್ ಫೇಲ್ಡ್. ಇಲ್ಲವೇ, ಕನೆಕ್ಷನ್ ಸಿಗಲಿಲ್ಲ. ಇಲ್ಲವೇ, ಪರ್ಮಿಶನ್ ಇಲ್ಲ. ನಿನ್ನೆಯವರೆಗೆ ನೆಟ್ಟಗೆ ನಡೆಯುತ್ತಿದ್ದದ್ದು ಇವತ್ತೇ ಯಾಕೆ ಕೈಕೊಟ್ಟಿತು ಅಂತ ಮಾತ್ರ ಆ ಸಾಲು ಬಾಯಿ ಬಿಡುವುದಿಲ್ಲ.

ಇಂಥ ಸಂದೇಶಗಳನ್ನು ಬೈದುಕೊಳ್ಳುತ್ತಲೇ ಈ ಊರಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಹೊಟ್ಟೆ ಹೊರೆದಿದ್ದೇನೆ. ಬೈಯುತ್ತಾ ಬೈಯುತ್ತಾ ಒಂದು ಸಂಗತಿ ಗೊತ್ತಾಯಿತು. ಇವು ಯಾವುದೂ ಆಕಾಶದಿಂದ ಉದುರಿದ್ದಲ್ಲ. ಒಂದೊಂದು ಸಂದೇಶದ ಹಿಂದೆಯೂ ಯಾವುದೋ ಇಸವಿಯಲ್ಲಿ ಯಾರೋ ಮಾಡಿದ ಒಂದು ತೀರ್ಮಾನ ಇದೆ. ಕೆಲವದರ ಹಿಂದೆ ದೊಡ್ಡ ಅನಾಹುತವೇ ಇದೆ. ಆ ಚರಿತ್ರೆ ಗೊತ್ತಿದ್ದರೆ ರಿಪೇರಿ ಬೇಗ ಆಗುತ್ತದೆ. ಅದಕ್ಕಿಂತ ಮುಖ್ಯವಾಗಿ, ರಿಪೇರಿ ಮಾಡುತ್ತೇನೆಂದು ಹೋಗಿ ಇಡೀ ಬಾಗಿಲನ್ನೇ ಕಿತ್ತು ಪಕ್ಕಕ್ಕಿಡುವ ಕೆಲಸ ತಪ್ಪುತ್ತದೆ.

ಕಂಪ್ಯೂಟರ್ ಕಸುಬಿನವರಲ್ಲದವರಿಗೆ ಎರಡು ಮಾತು. ಡೇಟಾಬೇಸ್ ಇಂಟಿಗ್ರೇಶನ್ ಸರ್ವಿಸ್ ಅಂದರೆ ನಮ್ಮ ಮುಂಬಯಿಯ ಡಬ್ಬಾವಾಲಾ ಇದ್ದ ಹಾಗೆ ಅಂತ ತಿಳಿದುಕೊಳ್ಳಿ. ಹತ್ತಾರು ಮನೆಗಳಿಂದ ಡಬ್ಬಿ ಎತ್ತಿ, ವಿಂಗಡಿಸಿ, ಬೇರೆ ಬೇರೆ ಆಫೀಸಿಗೆ ಸರಿಯಾದ ಹೊತ್ತಿಗೆ ಮುಟ್ಟಿಸುವುದು. ಇಲ್ಲಿ ಡಬ್ಬಿಯ ಬದಲು ದತ್ತಾಂಶ. ಬ್ರಾಂಚಿನ ಲೆಕ್ಕ, ಎಕ್ಸೆಲ್ ಫೈಲು, ಒರಾಕಲ್‌ನಲ್ಲಿರುವ ಗ್ರಾಹಕರ ಪಟ್ಟಿ, ಎಲ್ಲವನ್ನೂ ರಾತ್ರೋರಾತ್ರಿ ಒಂದು ಕಡೆ ತಂದು ಸುರಿಯಬೇಕು. ಮೈಕ್ರೋಸಾಫ್ಟಿನ ಎಸ್ಕ್ಯೂಎಲ್ ಸರ್ವರ್ ಜೊತೆ ಬರುವ ಎಸ್‌ಎಸ್‌ಐಎಸ್ ಇಂಥದ್ದೊಂದು ಸೇವೆ. ಡಬ್ಬಾವಾಲಾನಿಗೆ ಎರಡು ರೀತಿಯ ತೊಂದರೆ ಬರಬಹುದು. ಒಂದು, ದಾರಿಯೇ ಕಟ್ಟಿದೆ, ಬಿಲ್ಡಿಂಗಿನ ತನಕ ಹೋಗಲಾಗಲಿಲ್ಲ. ಇನ್ನೊಂದು, ಗೇಟಿನ ತನಕ ಹೋದ, ವಾಚ್‌ಮನ್ ಒಳಗೆ ಬಿಡಲಿಲ್ಲ. ಮೊದಲನೆಯದು ಕನೆಕ್ಷನ್ ದೋಷ, ಎರಡನೆಯದು ಪರ್ಮಿಶನ್ ದೋಷ. ಈ ಎರಡರ ವಂಶಾವಳಿ ಬೇರೆ ಬೇರೆ.

ಬರ್ಕ್ಲಿಯಿಂದ ಬಂದ ಸಂಖ್ಯೆಗಳು

ಕನೆಕ್ಷನ್ ಸಿಗದಿದ್ದಾಗ ವಿಂಡೋಸಿನಲ್ಲಿ ಕಾಣುವ 10060, 10061 ಎಂಬ ಸಂಖ್ಯೆಗಳನ್ನು ಗಮನಿಸಿದ್ದೀರಾ? ಇವು ಮೈಕ್ರೋಸಾಫ್ಟ್ ಹುಟ್ಟಿಸಿದ ಮಕ್ಕಳಲ್ಲ. 1983ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಿಂದ ಹೊರಬಂದ 4.2 ಬಿಎಸ್‌ಡಿ ಯುನಿಕ್ಸಿನಲ್ಲಿ ಜಾಲದ ಮೂಲಕ ಮಾತಾಡಲು ಸಾಕೆಟ್ ಎಂಬ ವ್ಯವಸ್ಥೆ ಬಂತು. ಅದರಲ್ಲಿ 60 ಅಂದರೆ ಕಾದೂ ಕಾದೂ ಉತ್ತರ ಬರಲಿಲ್ಲ. 61 ಅಂದರೆ ಆ ಕಡೆಯ ಯಂತ್ರವೇ ಬೇಡ ಅಂದಿತು. ಹತ್ತು ವರ್ಷದ ಮೇಲೆ ವಿಂಡೋಸಿಗೆ ಅದೇ ವ್ಯವಸ್ಥೆಯನ್ನು ತಂದಾಗ, ಬೇರೆ ದೋಷಸಂಖ್ಯೆಗಳ ಜೊತೆ ಕಲಸಿಹೋಗದಿರಲಿ ಅಂತ ಹಳೆಯ ಸಂಖ್ಯೆಗೆ ಹತ್ತು ಸಾವಿರ ಕೂಡಿಸಿದರು. ಅಷ್ಟೇ ಸಮಾಚಾರ!

ಈ ಎರಡು ಸಂಖ್ಯೆಗಳ ನಡುವಿನ ವ್ಯತ್ಯಾಸ ತಿಳಿದರೆ ಅರ್ಧ ರಾತ್ರಿ ಉಳಿಯುತ್ತದೆ. 10061 ಬಂದರೆ ನೀವು ಯಂತ್ರದ ತನಕ ಮುಟ್ಟಿದ್ದೀರಿ, ಆದರೆ ಆ ಪೋರ್ಟಿನಲ್ಲಿ ಕಿವಿಗೊಟ್ಟು ಕೂತವರು ಯಾರೂ ಇಲ್ಲ. ಎಸ್ಕ್ಯೂಎಲ್ ಸರ್ವರ್ ನಿಂತಿರಬಹುದು, ಟಿಸಿಪಿಯನ್ನೇ ಯಾರೋ ಆಫ್ ಮಾಡಿರಬಹುದು, 1433ರ ಬದಲು ಬೇರೆ ಪೋರ್ಟ್ ಇಟ್ಟಿರಬಹುದು. ಮನೆ ಸಿಕ್ಕಿತು, ಆದರೆ ಬೀಗ ಹಾಕಿದೆ. 10060 ಬಂದರೆ ನಿಮ್ಮ ಕೂಗಿಗೆ ಓ ಅನ್ನುವವರೇ ಇಲ್ಲ. ಸಾಮಾನ್ಯವಾಗಿ ನಡುವೆ ಫೈರ್‌ವಾಲ್ ನಿಮ್ಮ ಮಾತನ್ನು ಸದ್ದಿಲ್ಲದೆ ನುಂಗುತ್ತಿದೆ, ಅಥವಾ ವಿಳಾಸವೇ ತಪ್ಪು. ಮೊದಲನೆಯದಕ್ಕೆ ಡೇಟಾಬೇಸ್ ತಂಡದವರನ್ನು ಎಬ್ಬಿಸಬೇಕು, ಎರಡನೆಯದಕ್ಕೆ ನೆಟ್‌ವರ್ಕ್ ತಂಡದವರನ್ನು. 11001 ಬಂದರೆ ಇಬ್ಬರನ್ನೂ ಬಿಡಿ, ಯಂತ್ರದ ಹೆಸರೇ ವಿಳಾಸವಾಗಿ ಬದಲಾಗಲಿಲ್ಲ, ಡಿಎನ್ಎಸ್ ನೋಡಿ. ರಾತ್ರಿ ಮೂರಕ್ಕೆ ತಪ್ಪು ಮನುಷ್ಯನನ್ನು ಎಬ್ಬಿಸಿದರೆ ಮರುದಿನ ಕ್ಯಾಂಟೀನಿನಲ್ಲಿ ಮುಖ ಹೇಗಿರುತ್ತದೆ ಅಂತ ನಿಮಗೇ ಗೊತ್ತು.

ಕರೆದು ತಂದವನಿಗೇ ಜಾಗ ಹೋದರೆ

ಪರ್ಮಿಶನ್ನಿನ ಕಥೆ ಇನ್ನೂ ಹಳೆಯದು. ಐಬಿಎಂನ ಸ್ಯಾನ್ ಹೊಸೆ ಪ್ರಯೋಗಶಾಲೆಯಲ್ಲಿದ್ದ ಎಡ್ಗರ್ ಕಾಡ್ 1970ರಲ್ಲಿ ದತ್ತಾಂಶವನ್ನು ಕೋಷ್ಟಕಗಳಾಗಿ ಇಡುವ ರಿಲೇಶನಲ್ ಮಾದರಿಯನ್ನು ಪ್ರಕಟಿಸಿದರು. ಅದನ್ನು ಮಾಡಿ ತೋರಿಸಲು ಅಲ್ಲೇ ಸಿಸ್ಟಮ್ ಆರ್ ಎಂಬ ಯೋಜನೆ ಶುರುವಾಯಿತು. ಹಲವರು ಒಂದೇ ಕೋಷ್ಟಕ ಬಳಸಬೇಕು ಅಂದ ಮೇಲೆ ಯಾರು ಓದಬಹುದು, ಯಾರು ತಿದ್ದಬಹುದು ಎಂಬ ಪ್ರಶ್ನೆ ಬಂದೇ ಬರುತ್ತದಲ್ಲ? 1976ರಲ್ಲಿ ಪೆಟ್ರೀಷಿಯಾ ಗ್ರಿಫಿತ್ಸ್ ಮತ್ತು ಬ್ರ್ಯಾಡ್‌ಫರ್ಡ್ ವೇಡ್ ಅದಕ್ಕೊಂದು ಉತ್ತರ ಬರೆದರು. ಇವತ್ತಿಗೂ ನಾವು ದಿನಾ ಬಳಸುವ ಗ್ರ್ಯಾಂಟ್, ರಿವೋಕ್ ಅಲ್ಲಿಂದ ಬಂದವು. ಕೋಷ್ಟಕ ಮಾಡಿದವನು ಅದರ ಒಡೆಯ. ಅವನು ಬೇರೆಯವರಿಗೆ ಅನುಮತಿ ಕೊಡಬಹುದು, ಬೇಕಿದ್ದರೆ ಆ ಅನುಮತಿಯನ್ನು ಮುಂದೆ ಹಂಚುವ ಅಧಿಕಾರವನ್ನೂ ಕೊಡಬಹುದು.

ಕೊಡುವುದು ಸುಲಭ, ವಾಪಸ್ ತೆಗೆದುಕೊಳ್ಳುವುದೇ ಕಷ್ಟ. ಇದನ್ನು ನಮ್ಮವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಊರಿಂದ ಮುಂಬಯಿಗೆ ಬಂದವನು ಮೊದಲು ಯಾರದೋ ಕೋಣೆಯಲ್ಲಿ ಯಾರದೋ ಮಾತಿನ ಮೇಲೆ ಜಾಗ ಹಿಡಿಯುತ್ತಿದ್ದ. ಕರೆದು ತಂದವನಿಗೇ ಕೋಣೆಯಲ್ಲಿ ಜಾಗ ಹೋದರೆ ಅವನ ಮಾತಿನ ಮೇಲೆ ಬಂದವನ ಗಂಟುಮೂಟೆಯೂ ಹೊರಗೆ. ಆದರೆ ಕೋಣೆಯ ಇನ್ನೊಬ್ಬರು ಹಿರಿಯರು, 'ಇವನು ನನ್ನ ಕಡೆಯವನೂ ಹೌದು' ಅಂದಿದ್ದರೆ ಉಳಿದುಕೊಳ್ಳುತ್ತಿದ್ದ. ಸಿಸ್ಟಮ್ ಆರ್ ಮಾಡಿದ್ದೂ ಇದನ್ನೇ. ಒಬ್ಬನ ಅನುಮತಿ ಕಿತ್ತರೆ ಅವನಿಂದ ಮುಂದಕ್ಕೆ ಹೋದದ್ದೆಲ್ಲ ಸರಪಳಿಯಾಗಿ ಕಿತ್ತು ಬರಬೇಕು, ಬೇರೆ ದಾರಿಯಿಂದ ಬಂದ ಅನುಮತಿ ಮಾತ್ರ ಉಳಿಯಬೇಕು. ಈ ಲೆಕ್ಕ ಎಷ್ಟು ಸೂಕ್ಷ್ಮವೆಂದರೆ ಮೂಲ ವಿಧಾನದಲ್ಲೇ ಒಂದು ಕೊರತೆ ಇತ್ತು. ಅದನ್ನು 1978ರಲ್ಲಿ ರೊನಾಲ್ಡ್ ಫೇಗಿನ್ ತೋರಿಸಿ ಸರಿಪಡಿಸಿದರು.

ಎಸ್ಕ್ಯೂಎಲ್ ಸರ್ವರಿನಲ್ಲಿ 229 ಎಂಬ ದೋಷಸಂಖ್ಯೆ ಬಂದರೆ ಅದು ಈ ವಂಶದ್ದು: ಈ ಕೋಷ್ಟಕದ ಮೇಲೆ ಈ ಕೆಲಸಕ್ಕೆ ನಿನಗೆ ಅನುಮತಿ ಇಲ್ಲ. ನಾನಂತೂ ಇದನ್ನು ಸಜ್ಜನ ದೋಷ ಅನ್ನುತ್ತೇನೆ. ಯಾವ ಕೋಷ್ಟಕ, ಯಾವ ಕೆಲಸ ಅಂತ ಬಿಡಿಸಿ ಹೇಳುತ್ತದೆ. ಅದು ಕೇಳಿದ್ದನ್ನು ಮಾತ್ರ ಕೊಟ್ಟರೆ ಸಾಕು, ಕೆಲಸ ಮುಗಿಯಿತು.

ಬಾಗಿಲು ತೆರೆದಿಟ್ಟಿದ್ದ ಕಾಲ

1998ರ ಕೊನೆಗೆ ಎಸ್ಕ್ಯೂಎಲ್ ಸರ್ವರ್ 7.0 ಬಂತು. ಅದರ ಜೊತೆ ಡಿಟಿಎಸ್ ಎಂಬ ಸಲಕರಣೆ ಬಂತು. ಎಸ್‌ಎಸ್‌ಐಎಸ್‌ನ ಅಪ್ಪ ಅಂತ ಇಟ್ಟುಕೊಳ್ಳಿ. ಚಿತ್ರ ಬಿಡಿಸಿದ ಹಾಗೆ ಬಾಣಗಳನ್ನು ಎಳೆದು ಒಂದು ಕಡೆಯಿಂದ ಇನ್ನೊಂದು ಕಡೆಗೆ ದತ್ತಾಂಶ ಸಾಗಿಸಬಹುದು ಅಂದಾಗ ನಮಗೆಲ್ಲ ಹಬ್ಬ. ಆದರೆ ಆ ಕಾಲದ ಅಭ್ಯಾಸಗಳನ್ನು ಈಗ ನೆನೆದರೆ ಎದೆ ಝಲ್ ಅನ್ನುತ್ತದೆ. ಎಸ್‌ಎ ಎಂಬ ಸರ್ವಾಧಿಕಾರಿ ಲಾಗಿನ್ನಿಗೆ ಪಾಸ್‌ವರ್ಡ್ ಇಡದೇ ಖಾಲಿ ಬಿಡಬಹುದಿತ್ತು. ಬಹಳ ಕಡೆ ಖಾಲಿಯೇ ಇತ್ತು. ಪ್ಯಾಕೇಜುಗಳೆಲ್ಲ ಎಸ್‌ಎ ಹೆಸರಿನಲ್ಲೇ ಓಡುತ್ತಿದ್ದವು. ಪರ್ಮಿಶನ್ ದೋಷವೇ ಬರುತ್ತಿರಲಿಲ್ಲ, ಯಾಕೆಂದರೆ ಎಲ್ಲರಿಗೂ ಎಲ್ಲ ಪರ್ಮಿಶನ್ನೂ ಇತ್ತು!

ಇದರ ಬೆಲೆ ತೆರುವ ದಿನ ಬಂತು. 2002ರ ಮೇ ತಿಂಗಳಲ್ಲಿ ಸ್ಪೈಡಾ ಎಂಬ ಹುಳು ಖಾಲಿ ಪಾಸ್‌ವರ್ಡಿನ ಎಸ್‌ಎ ಖಾತೆಗಳನ್ನು ಹುಡುಕಿಕೊಂಡು ಹೊರಟಿತು. ಅದು ಬರೀ ಮುನ್ನುಡಿ. 2003ರ ಜನವರಿ 25, ಶನಿವಾರ, ಭಾರತದಲ್ಲಿ ಬೆಳಿಗ್ಗೆ ಸುಮಾರು ಹನ್ನೊಂದು ಗಂಟೆ. ಸ್ಲ್ಯಾಮರ್ ಎಂಬ ಇನ್ನೊಂದು ಹುಳು ಬಿಡುಗಡೆಯಾಯಿತು. ಗಾತ್ರ ಬರೀ 376 ಬೈಟು. ಇಷ್ಟು ಹೊತ್ತಿಗೆ ನೀವು ಓದಿರುವ ಈ ಪ್ಯಾರಾದಷ್ಟೂ ಇಲ್ಲ. ಎಸ್ಕ್ಯೂಎಲ್ ಸರ್ವರ್ 2000ದಲ್ಲಿ ಒಂದೇ ಯಂತ್ರದ ಮೇಲೆ ಹಲವು ಸರ್ವರುಗಳಿದ್ದರೆ ಯಾವುದು ಯಾವ ಪೋರ್ಟಿನಲ್ಲಿದೆ ಅಂತ ಹೇಳಲು 1434ನೇ ಯುಡಿಪಿ ಪೋರ್ಟಿನಲ್ಲಿ ಒಂದು ವಿಚಾರಣಾ ಕಿಟಕಿ ಇತ್ತು. ಆ ಕಿಟಕಿಯ ದೋಷವೇ ಹುಳುವಿನ ದಾರಿ. ಲಾಗಿನ್ ಬೇಡ, ಪಾಸ್‌ವರ್ಡ್ ಬೇಡ, ಒಂದು ಪೊಟ್ಟಣ ಬಂದು ಬಿದ್ದರೆ ಸಾಕು.

ಮೊದಲ ನಿಮಿಷದಲ್ಲಿ ಸುಮಾರು ಎಂಟೂವರೆ ಸೆಕೆಂಡಿಗೊಮ್ಮೆ ಹುಳುವಿನ ಸಂಖ್ಯೆ ದ್ವಿಗುಣವಾಗುತ್ತಿತ್ತು. ಹತ್ತು ನಿಮಿಷದೊಳಗೆ, ತಗಲಬಹುದಾಗಿದ್ದ ಯಂತ್ರಗಳಲ್ಲಿ ನೂರಕ್ಕೆ ತೊಂಬತ್ತಕ್ಕೆ ತಗಲಿಯಾಗಿತ್ತು. ಒಟ್ಟು ಕನಿಷ್ಠ 75 ಸಾವಿರ ಯಂತ್ರಗಳು. ದಕ್ಷಿಣ ಕೊರಿಯಾದಲ್ಲಿ ಅಂತರ್ಜಾಲ ಹೆಚ್ಚುಕಡಿಮೆ ನಿಂತೇಹೋಯಿತು. ಬ್ಯಾಂಕ್ ಆಫ್ ಅಮೆರಿಕದ 13 ಸಾವಿರದಷ್ಟು ಎಟಿಎಂಗಳಲ್ಲಿ ಹೆಚ್ಚಿನವು ದುಡ್ಡು ಕೊಡಲಿಲ್ಲ. ಓಹಾಯೋದ ಡೇವಿಸ್-ಬೆಸ್ ಅಣುವಿದ್ಯುತ್ ಸ್ಥಾವರದಲ್ಲಿ ಸುರಕ್ಷತೆಯ ಮಾಹಿತಿ ತೋರಿಸುವ ವ್ಯವಸ್ಥೆ ಐದು ಗಂಟೆಯ ಹತ್ತಿರ ಸ್ತಬ್ಧವಾಗಿತ್ತು. ಸ್ಥಾವರ ಆಗ ಉತ್ಪಾದನೆಯಲ್ಲಿ ಇರಲಿಲ್ಲ, ಪುಣ್ಯ. ಹುಳು ಅಲ್ಲಿಗೆ ಹೋದದ್ದು ಮುಂಬಾಗಿಲಿನ ಫೈರ್‌ವಾಲ್ ದಾಟಿ ಅಲ್ಲ, ಒಬ್ಬ ಗುತ್ತಿಗೆದಾರರ ಜಾಲದಿಂದ ಒಳಕ್ಕಿದ್ದ ಪಕ್ಕದ ದಾರಿಯಲ್ಲಿ.

ಇದರಲ್ಲಿ ಹೊಟ್ಟೆ ಉರಿಸುವ ಭಾಗ ಯಾವುದು ಗೊತ್ತೆ? ದೋಷವನ್ನು ಡೇವಿಡ್ ಲಿಚ್‌ಫೀಲ್ಡ್ ಎಂಬ ತಜ್ಞ ಮೊದಲೇ ಪತ್ತೆ ಮಾಡಿದ್ದರು. 2002ರ ಜುಲೈಯಲ್ಲೇ ಮೈಕ್ರೋಸಾಫ್ಟ್ ತೇಪೆಯನ್ನೂ ಬಿಟ್ಟಿತ್ತು. ಆರು ತಿಂಗಳಾದರೂ ಬಹಳ ಕಡೆ ಹಚ್ಚಿರಲಿಲ್ಲ. ಎಷ್ಟೋ ಜನರಿಗೆ ತಮ್ಮ ಯಂತ್ರದಲ್ಲಿ ಎಸ್ಕ್ಯೂಎಲ್ ಸರ್ವರ್ ಇದೆ ಅಂತಲೇ ಗೊತ್ತಿರಲಿಲ್ಲ. ಬೇರೆ ಯಾವುದೋ ತಂತ್ರಾಂಶದ ಜೊತೆ ಅದರ ಪುಟ್ಟ ರೂಪ ಬಂದು ಕೂತಿತ್ತು.

ಆಫ್ ಮಾಡಿ ಕೊಟ್ಟ ಸರ್ವರ್

2005ರ ನವೆಂಬರಿನಲ್ಲಿ ಎಸ್ಕ್ಯೂಎಲ್ ಸರ್ವರ್ 2005 ಬಿಡುಗಡೆಯಾದಾಗ ಸಿದ್ಧಾಂತವೇ ತಿರುಗಿತ್ತು. ಬೇಕಾದ್ದನ್ನು ಮಾತ್ರ ಆನ್ ಮಾಡಿಕೊಳ್ಳಿ, ಉಳಿದದ್ದು ಆಫ್. ಎಕ್ಸ್‌ಪ್ರೆಸ್, ಡೆವಲಪರ್ ಆವೃತ್ತಿಗಳಲ್ಲಿ ಹೊರಗಿನ ಯಂತ್ರದಿಂದ ಬರುವ ಕನೆಕ್ಷನ್ನೂ ಆಫ್. ಆ ವಿಚಾರಣಾ ಕಿಟಕಿಯನ್ನು ಬ್ರೌಸರ್ ಎಂಬ ಬೇರೆ ಸೇವೆಯಾಗಿ ಬಿಡಿಸಿಟ್ಟರು. ಅವತ್ತಿನಿಂದ ಲೋಕದಾದ್ಯಂತ ಜನ ದೋಷ 26, ದೋಷ 40 ಅಂತ ತಲೆ ಚಚ್ಚಿಕೊಂಡರು. 26 ಅಂದರೆ ಹೆಸರಿಟ್ಟ ಸರ್ವರ್ ಎಲ್ಲಿದೆ ಅಂತ ಹೇಳುವವರು ಸಿಗಲಿಲ್ಲ. ಬ್ರೌಸರ್ ನಿಂತಿದೆ, ಇಲ್ಲವೇ 1434 ಮುಚ್ಚಿದೆ. 40 ಅಂದರೆ ಕನೆಕ್ಷನ್ನೇ ತೆರೆಯಲಾಗಲಿಲ್ಲ. ಹತ್ತಿರದಲ್ಲೇ ಇನ್ನೊಂದು ಸಂಖ್ಯೆ ಇದ್ದರೆ ನಿಜವಾದ ಕಾರಣ ಅದರಲ್ಲಿರುತ್ತದೆ.

ಅಂದರೆ ಇವು ಕೆಟ್ಟುಹೋದದ್ದರ ಗುರುತಲ್ಲ. ಸ್ಲ್ಯಾಮರ್ ಸುಟ್ಟ ಗಾಯದ ಮೇಲೆ ಬೆಳೆದ ಹೊಸ ಚರ್ಮ. ಒಂದೇ ಸರ್ವರಿಗೆ ನಿಗದಿತ ಪೋರ್ಟ್ ಕೊಟ್ಟು, ಕನೆಕ್ಷನ್ ಸಾಲಿನಲ್ಲಿ ಆ ಪೋರ್ಟನ್ನೇ ಬರೆದರೆ ಬ್ರೌಸರಿನ ಹಂಗೇ ಬೇಡ. 1434 ಮುಚ್ಚಿಯೇ ಇರಲಿ.

ಬೇಕೆಂದೇ ಸುಳ್ಳು ಹೇಳುವ ಸಂದೇಶ

ಈಗ ಎಲ್ಲರ ಶತ್ರು 18456ಕ್ಕೆ ಬರೋಣ. ಲಾಗಿನ್ ಫೇಲ್ಡ್, ಸ್ಟೇಟ್ 1. ಹೆಸರು ತಪ್ಪೇ? ಪಾಸ್‌ವರ್ಡ್ ತಪ್ಪೇ? ಡೇಟಾಬೇಸ್ ಇಲ್ಲವೇ? ಯಾವುದೂ ಹೇಳುವುದಿಲ್ಲ. ಇದು ಸೋಮಾರಿತನವಲ್ಲ, ಬೇಕೆಂದೇ ಮಾಡಿದ್ದು. ಹೆಸರು ಸರಿ, ಪಾಸ್‌ವರ್ಡ್ ತಪ್ಪು ಅಂತ ವಾಚ್‌ಮನ್ ಹೇಳಿಬಿಟ್ಟರೆ ಕಳ್ಳನಿಗೆ ಅರ್ಧ ಕೆಲಸ ಮುಗಿದಂತೆ. ಅದಕ್ಕೇ ಹೊರಗಿನವರಿಗೆ ಯಾವಾಗಲೂ ಸ್ಟೇಟ್ 1. ನಿಜವಾದ ಸಂಖ್ಯೆ ಸರ್ವರಿನ ಎರರ್ ಲಾಗಿನಲ್ಲಿ ಬರೆದಿರುತ್ತದೆ. ಸ್ಟೇಟ್ 5 ಅಂದರೆ ಅಂಥ ಹೆಸರೇ ಇಲ್ಲ. 8 ಅಂದರೆ ಪಾಸ್‌ವರ್ಡ್ ತಪ್ಪು. 18 ಅಂದರೆ ಪಾಸ್‌ವರ್ಡ್ ಬದಲಿಸಬೇಕಾಗಿದೆ. 38 ಅಂದರೆ ಕೇಳಿದ ಡೇಟಾಬೇಸ್ ಸಿಗಲಿಲ್ಲ. 58 ಅಂದರೆ ಸರ್ವರ್ ವಿಂಡೋಸ್ ಲಾಗಿನ್ ಮಾತ್ರ ಒಪ್ಪುತ್ತದೆ, ನೀವು ಎಸ್ಕ್ಯೂಎಲ್ ಲಾಗಿನ್ ತಂದಿದ್ದೀರಿ.

ಆದ್ದರಿಂದ 18456 ಬಂದಾಗ ಪ್ಯಾಕೇಜನ್ನು ತೆರೆದು ಕೆದಕುತ್ತಾ ಕೂರುವುದು ದಂಡ. ಮೊದಲು ಸರ್ವರಿನ ಲಾಗ್ ನೋಡಿ. ನೋಡುವ ಅಧಿಕಾರ ನಿಮಗಿಲ್ಲದಿದ್ದರೆ ಇರುವವರ ಹತ್ತಿರ ಆ ಒಂದು ಸಂಖ್ಯೆ ಮಾತ್ರ ಕೇಳಿ. ಅಂಕಿಯೊಂದು ಸಿಕ್ಕರೆ ಅರ್ಧ ಗಂಟೆಯ ಕಾನ್ಫರೆನ್ಸ್ ಕಾಲ್ ಉಳಿಯಿತು.

ಮೂರು ತಲೆಯ ನಾಯಿ

ಮುಂದಿನದು ಚೀಟಿಗಳ ಕಥೆ. ಪಾಸ್‌ವರ್ಡನ್ನು ಜಾಲದ ಮೇಲೆ ಕಳಿಸದೆಯೇ ನಾನು ನಾನೇ ಅಂತ ಸಾಬೀತು ಮಾಡುವುದು ಹೇಗೆ? 1978ರಲ್ಲಿ ರೋಜರ್ ನೀಡಮ್ ಮತ್ತು ಮೈಕೆಲ್ ಶ್ರೋಡರ್ ಒಂದು ವಿಧಾನ ಸೂಚಿಸಿದರು: ಇಬ್ಬರೂ ನಂಬುವ ಮೂರನೆಯವನೊಬ್ಬ ಚೀಟಿ ಬರೆದುಕೊಡುವುದು. 1981ರಲ್ಲಿ ಡೊರೊತಿ ಡೆನ್ನಿಂಗ್ ಮತ್ತು ಜಿಯೋವಾನಿ ಸಾಕೋ ಅದರಲ್ಲೊಂದು ತೂತು ತೋರಿಸಿದರು. ಹಳೆಯ ಚೀಟಿಯ ಗುಟ್ಟು ಯಾರಿಗಾದರೂ ಸಿಕ್ಕರೆ ಅದನ್ನೇ ಮತ್ತೆ ಚಲಾಯಿಸಬಹುದು! ಪರಿಹಾರ: ಚೀಟಿಯ ಮೇಲೆ ಹೊತ್ತು ನಮೂದಿಸಿ. ಮುಂಬಯಿ ಲೋಕಲ್ ಸ್ಟೇಷನ್ನುಗಳಲ್ಲಿ ಒಂದು ಕಾಲಕ್ಕೆ ಕೂಪನ್ನಿಗೆ ಯಂತ್ರದಲ್ಲಿ ಹೊತ್ತಿನ ಛಾಪು ಒತ್ತಿಸಿಕೊಂಡು ರೈಲು ಹತ್ತುತ್ತಿದ್ದೆವಲ್ಲ, ಅದೇ ಉಪಾಯ. ಛಾಪು ಇಲ್ಲದ ಕೂಪನ್ ಟಿಸಿ ಮುಂದೆ ನಡೆಯುತ್ತಿರಲಿಲ್ಲ.

ಎಂಐಟಿಯ ಅಥೀನಾ ಯೋಜನೆಯಲ್ಲಿ ಈ ಎರಡನ್ನೂ ಸೇರಿಸಿ ಕರ್ಬೆರೋಸ್ ಕಟ್ಟಿದರು. ಗ್ರೀಕ್ ಪುರಾಣದಲ್ಲಿ ಪಾತಾಳದ ಬಾಗಿಲು ಕಾಯುವ ಮೂರು ತಲೆಯ ನಾಯಿಯ ಹೆಸರು. ಐದನೆಯ ಆವೃತ್ತಿ 1993ರಲ್ಲಿ ಪ್ರಮಾಣವಾಗಿ ಪ್ರಕಟವಾಯಿತು. ವಿಂಡೋಸ್ 2000 ಅದನ್ನೇ ತನ್ನದಾಗಿಸಿಕೊಂಡಿತು. ಆದ್ದರಿಂದಲೇ ಇವತ್ತಿಗೂ ಎರಡು ಯಂತ್ರಗಳ ಗಡಿಯಾರದಲ್ಲಿ ಐದು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಚೀಟಿ ತಿರಸ್ಕಾರವಾಗಬಹುದು. ಪಾಸ್‌ವರ್ಡ್ ಸರಿ, ಪರ್ಮಿಶನ್ ಸರಿ, ಗಡಿಯಾರ ತಪ್ಪು. ಇನ್ನೊಂದು ಉಪಫಲ: ನಿಮ್ಮನ್ನು ಹೊಸ ಗುಂಪಿಗೆ ಸೇರಿಸಿದ ಮೇಲೂ ಪರ್ಮಿಶನ್ ಇಲ್ಲ ಅಂತ ಬರುತ್ತಿದ್ದರೆ ಹಳೆಯ ಚೀಟಿಯೇ ಜೇಬಿನಲ್ಲಿದೆ. ಹೊರಗೆ ಹೋಗಿ ಮತ್ತೆ ಲಾಗಿನ್ ಆಗಿ ಬನ್ನಿ.

ಇಂಟಿಗ್ರೇಶನ್ ಕೆಲಸದವರನ್ನು ಹೆಚ್ಚು ಅಳಿಸಿದ್ದು ಡಬಲ್ ಹಾಪ್. ನೀವು ನಿಮ್ಮ ಯಂತ್ರದಿಂದ ಮೊದಲ ಸರ್ವರಿಗೆ ಹೋದಿರಿ, ಅದು ನಿಮ್ಮ ಹೆಸರಿನಲ್ಲೇ ಎರಡನೆಯ ಸರ್ವರಿಗೆ ಹೋಗಬೇಕು. ನಿಮ್ಮನ್ನು ಒಳಗೆ ಬಿಟ್ಟ ವಾಚ್‌ಮನ್ ನಿಮ್ಮ ಹೆಸರು ಹೇಳಿಕೊಂಡು ಪಕ್ಕದ ಸೊಸೈಟಿಗೆ ಹೋದರೆ ಅಲ್ಲಿಯವನು ಬಿಡುತ್ತಾನೆಯೇ? ಬಿಡಬಾರದು ಕೂಡ. ಅಲ್ಲಿ ಅವನು ಅನಾಮಿಕ. ಲಾಗಿನಲ್ಲಿ ಅನಾನಿಮಸ್ ಲಾಗಾನ್ ಎಂಬ ಹೆಸರಿನಲ್ಲಿ ಲಾಗಿನ್ ಫೇಲ್ಡ್ ಅಂತ ಬಂದರೆ ಇದೇ ಕಥೆ ಅಂತ ತಿಳಿಯಿರಿ. ವಿಂಡೋಸ್ 2000ದಲ್ಲಿ ಒಂದು ಸರ್ವರನ್ನು ನಂಬಿದರೆ ಅದು ನಿಮ್ಮ ಹೆಸರಿನಲ್ಲಿ ಎಲ್ಲಿಗೆ ಬೇಕಾದರೂ ಹೋಗಬಹುದಿತ್ತು. ಅದು ಅಪಾಯ ಅಂತ ಅರಿತು 2003ರ ಆವೃತ್ತಿಯಲ್ಲಿ ಇಂತಿಂಥ ಸೇವೆಗೆ ಮಾತ್ರ ಹೋಗಬಹುದು ಅಂತ ಕಟ್ಟು ಹಾಕುವ ಸೌಲಭ್ಯ ತಂದರು. ಅದಕ್ಕೆ ಸರ್ವರಿನ ಸೇವೆಯ ಹೆಸರು, ಅಂದರೆ ಎಸ್‌ಪಿಎನ್, ಸರಿಯಾದ ಖಾತೆಯ ಮೇಲೆ ಒಂದೇ ಒಂದು ಸಲ ನೋಂದಣಿಯಾಗಿರಬೇಕು. ಎರಡು ಕಡೆ ಇದ್ದರೂ ಕೆಟ್ಟಿತು. ನೋಂದಣಿ ಸರಿಯಿಲ್ಲದಿದ್ದರೆ ವಿಂಡೋಸ್ ಸದ್ದಿಲ್ಲದೆ ಹಳೆಯ ಎನ್‌ಟಿಎಲ್‌ಎಂ ಪದ್ಧತಿಗೆ ಇಳಿಯಬಹುದು. ಒಂದು ಹೆಜ್ಜೆಯ ಕೆಲಸ ನಡೆದೀತು, ಎರಡನೆಯ ಹೆಜ್ಜೆಗೆ ಮುಗ್ಗರಿಸುತ್ತದೆ.

ನನ್ನ ಯಂತ್ರದಲ್ಲಿ ಓಡುತ್ತದೆ!

ಡಿಟಿಎಸ್ ಕಾಲದಿಂದಲೂ ಕೇಳಿ ಬರುವ ಗೋಳು ಇದು. ನಾನೇ ಓಡಿಸಿದರೆ ಓಡುತ್ತದೆ, ಜಾಬಿನಲ್ಲಿ ಇಟ್ಟರೆ ಬೀಳುತ್ತದೆ. ಇದರ ಕೀಲಿ ಒಂದೇ ಪ್ರಶ್ನೆಯಲ್ಲಿದೆ: ಯಾರ ಹೆಸರಿನಲ್ಲಿ, ಯಾವ ಯಂತ್ರದಲ್ಲಿ? ಹಗಲು ನೀವು ಒತ್ತಿದಾಗ ಅದು ನಿಮ್ಮ ಹೆಸರಿನಲ್ಲಿ, ನೀವು ಕೂತ ಯಂತ್ರದಲ್ಲಿ ಓಡುತ್ತದೆ. ರಾತ್ರಿ ಏಜೆಂಟ್ ಎಂಬ ಸೇವೆಯ ಹೆಸರಿನಲ್ಲಿ, ಸರ್ವರಿನ ಮೇಲೆ. ನಿಮ್ಮ ಝಡ್ ಡ್ರೈವ್ ಅವನಿಗೆ ಕಾಣುವುದಿಲ್ಲ. ನೀವು ಓದಬಲ್ಲ ಫೋಲ್ಡರ್ ಅವನು ಓದಲಾರ.

2005ರಲ್ಲಿ ಡಿಟಿಎಸ್ ಜಾಗಕ್ಕೆ ಎಸ್‌ಎಸ್‌ಐಎಸ್ ಬಂದಾಗ ಇದಕ್ಕೆ ಇನ್ನೊಂದು ಗಂಟು ಸೇರಿತು. ಪ್ಯಾಕೇಜಿನೊಳಗಿನ ಪಾಸ್‌ವರ್ಡನ್ನು ಅದನ್ನು ಬರೆದವನ ವಿಂಡೋಸ್ ಕೀಲಿಯಿಂದಲೇ ಗುಪ್ತಲಿಪಿ ಮಾಡಿಡುವುದು ರೂಢಿಯ ಸೆಟ್ಟಿಂಗ್. ಒಳ್ಳೆಯದೇ, ಫೈಲು ಕದ್ದವನಿಗೆ ಏನೂ ಸಿಗುವುದಿಲ್ಲ. ಆದರೆ ಏಜೆಂಟನಿಗೂ ಸಿಗುವುದಿಲ್ಲ! ಕೀಲಿ ಹೊಂದದೆ ಪಾಸ್‌ವರ್ಡ್ ಖಾಲಿಯಾಗುತ್ತದೆ, ಆಮೇಲೆ ಲಾಗಿನ್ ಫೇಲ್ಡ್ ಅಂತ ಬರುತ್ತದೆ. ಜನ ಹೋಗಿ ಲಾಗಿನ್ನನ್ನು ರಿಪೇರಿ ಮಾಡುತ್ತಾರೆ, ರೋಗ ಇರುವುದು ಪ್ಯಾಕೇಜಿನಲ್ಲಿ. ಲಾಗಿನಲ್ಲಿ ಒಂದೆರಡು ಸಾಲು ಮೇಲೆ ಗುಪ್ತಲಿಪಿ ಬಿಡಿಸಲಾಗಲಿಲ್ಲ ಎಂಬ ಎಚ್ಚರಿಕೆ ಇದ್ದೇ ಇರುತ್ತದೆ. ಕೊನೆಯ ಸಾಲನ್ನಲ್ಲ, ಮೊದಲ ಸಾಲನ್ನು ಓದಬೇಕು.

ಜೊತೆಗೆ 32 ಬಿಟ್, 64 ಬಿಟ್ ಜಗಳ. ಪ್ಯಾಕೇಜ್ ಬರೆಯುವ ಸಲಕರಣೆ ಬಹುಕಾಲ 32 ಬಿಟ್ಟಿನದಾಗಿತ್ತು, ಓಡಿಸುವ ಸರ್ವರ್ 64ರದ್ದು. ಎಕ್ಸೆಲ್ ಓದುತ್ತಿದ್ದ ಹಳೆಯ ಜೆಟ್ ಚಾಲಕಕ್ಕೆ 64 ಬಿಟ್ ರೂಪವೇ ಇರಲಿಲ್ಲ. ಕನೆಕ್ಷನ್ ಸಿಗಲಿಲ್ಲ ಅಂತ ಬಂದರೂ ಜಾಲಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಇದರ ಮೇಲೆ ಒಂದು ತಮಾಷೆ: 64 ಬಿಟ್ ವಿಂಡೋಸಿನಲ್ಲಿ ಸಿಸ್ಟಮ್ 32 ಎಂಬ ಫೋಲ್ಡರಿನಲ್ಲಿರುವ ಒಡಿಬಿಸಿ ಸಲಕರಣೆ 64 ಬಿಟ್ಟಿನದು, ಹೆಸರಿನಲ್ಲಿ 64 ಇರುವ ಇನ್ನೊಂದು ಫೋಲ್ಡರಿನಲ್ಲಿರುವುದು 32ರದ್ದು. ಹಳೆಯ ತಂತ್ರಾಂಶಗಳು ಕೆಡಬಾರದೆಂದು ಹಳೆಯ ಫೋಲ್ಡರಿನ ಹೆಸರನ್ನೇ ಉಳಿಸಿಕೊಂಡ ಫಲ.

ಇಲ್ಲೊಂದು ಘಟನೆ ಹೇಳಬೇಕು. ನಾನು ಹಿಂದೆ ಕೆಲಸದಲ್ಲಿದ್ದ ಒಂದು ಕಂಪನಿಯಲ್ಲಿ ತಿಂಗಳ ಕೊನೆಯ ದಿನ ಎಲ್ಲ ರಾತ್ರಿ ಜಾಬುಗಳೂ ಒಟ್ಟಿಗೆ ಬಿದ್ದವು. ಪಾಳಿಯಲ್ಲಿದ್ದವನು ರಾಯಚೂರು ಕಡೆಯ ಹುಡುಗ, ಸೇರಿ ಎರಡು ತಿಂಗಳಾಗಿರಲಿಲ್ಲ. ಇವನೇ ಏನೋ ಮುಟ್ಟಿದ್ದಾನೆ ಅಂತ ಮೇಲಿನವರು ತೀರ್ಮಾನವನ್ನೇ ಮಾಡಿಬಿಟ್ಟಿದ್ದರು. ನೋಡಿದರೆ, ಎಲ್ಲ ಜಾಬುಗಳ ಒಡೆತನ ಆ ದಿನವೇ ರಾಜೀನಾಮೆ ಕೊಟ್ಟು ಹೋದ ಒಬ್ಬ ಹಿರಿಯರ ಖಾತೆಯ ಮೇಲಿತ್ತು. ಎಚ್ಆರ್‌ನವರು ನಿಯಮದ ಪ್ರಕಾರ ಸಂಜೆ ಆರಕ್ಕೆ ಖಾತೆ ತೆಗೆದುಹಾಕಿದ್ದರು. ಜಾಬಿನ ಒಡೆಯನಿಗೆ ಸರ್ವರ್ ಪ್ರವೇಶ ಇದೆಯೇ ಅಂತ ಗೊತ್ತಾಗುತ್ತಿಲ್ಲ ಅಂತ ಲಾಗಿನಲ್ಲಿ ಸ್ಪಷ್ಟವಾಗಿ ಬರೆದಿತ್ತು. ಆ ಸಾಲನ್ನು ಯಾರೂ ಓದಿರಲಿಲ್ಲ. ಅದನ್ನು ಮುದ್ರಿಸಿ ಮುಂದಿಟ್ಟ ಮೇಲೆ ಹುಡುಗನ ಕೆಲಸ ಉಳಿಯಿತು. ಲಾಗ್ ಓದುವುದು ಬರೀ ತಾಂತ್ರಿಕ ಶಿಸ್ತಲ್ಲ ಅಂತ ನಾನು ನಂಬುವುದು ಇಂಥ ಕಾರಣಕ್ಕೇ. ಒಬ್ಬರ ಅನ್ನದ ಪ್ರಶ್ನೆಯೂ ಅದರಲ್ಲಿರುತ್ತದೆ.

ಈಚಿನ ಬಾಗಿಲುಗಳು

2012ರಲ್ಲಿ ಎಸ್‌ಎಸ್‌ಐಎಸ್ ಪ್ಯಾಕೇಜುಗಳಿಗೆ ಸರ್ವರಿನಲ್ಲೇ ಒಂದು ಕ್ಯಾಟಲಾಗ್ ಮನೆ ಬಂತು. ಗುಟ್ಟುಗಳು ಬರೆದವನ ಕೀಲಿಯ ಬದಲು ಸರ್ವರಿನ ಕೀಲಿಯಲ್ಲಿ ಭದ್ರ. ಬರೆದವನು ಬಿಟ್ಟುಹೋದರೂ ಕೆಲಸ ನಿಲ್ಲುವುದಿಲ್ಲ. ಹೊಸ ಸೌಲಭ್ಯಕ್ಕೆ ಹೊಸ ದೋಷಗಳು: ಎಸ್ಕ್ಯೂಎಲ್ ಲಾಗಿನ್ನಿನಿಂದ ಅಲ್ಲಿ ಪ್ಯಾಕೇಜ್ ಓಡಿಸಲಾಗದು, ವಿಂಡೋಸ್ ಖಾತೆಯೇ ಬೇಕು. ಕ್ಯಾಟಲಾಗನ್ನು ಬೇರೆ ಸರ್ವರಿಗೆ ಸಾಗಿಸಿದರೆ ಮಾಸ್ಟರ್ ಕೀಲಿಯ ಪಾಸ್‌ವರ್ಡ್ ಇಲ್ಲದೆ ಒಳಗಿನ ಗುಟ್ಟುಗಳು ತೆರೆಯುವುದಿಲ್ಲ. ಡಿಟಿಎಸ್ ಓಡಿಸುವ ಸೌಲಭ್ಯ ಅದೇ 2012ರ ಆವೃತ್ತಿಯಿಂದ ಪೂರ್ತಿ ಹೋಯಿತು.

2018ರಲ್ಲಿ ಇದೇ ಪ್ಯಾಕೇಜುಗಳನ್ನು ಅಜೂರ್ ಮೋಡದಲ್ಲಿ ಓಡಿಸುವ ವ್ಯವಸ್ಥೆ ಅಧಿಕೃತವಾಗಿ ಬಂತು. ಅಲ್ಲಿ 40615 ಎಂಬ ದೋಷ ಬಂದರೆ ನಿಮ್ಮ ಐಪಿ ವಿಳಾಸ ಅಲ್ಲಿನ ಫೈರ್‌ವಾಲ್ ಪಟ್ಟಿಯಲ್ಲಿಲ್ಲ ಅಂತ ಅರ್ಥ. 2022ರಲ್ಲಿ ಬಂದ ಒಡಿಬಿಸಿ ಚಾಲಕ 18 ಎಲ್ಲ ಸಂಪರ್ಕವನ್ನೂ ಗುಪ್ತಲಿಪಿಯಲ್ಲೇ ಮಾಡುವುದನ್ನು ರೂಢಿ ಮಾಡಿತು. ಚಾಲಕ ಬದಲಿಸಿದ ಮಾರನೆಯ ದಿನವೇ, ಸರ್ಟಿಫಿಕೇಟನ್ನು ನಂಬಲಾಗದು ಎಂಬ ದೋಷ. ನೆಟ್ಟಿನಲ್ಲಿ ಹುಡುಕಿದರೆ ಎಲ್ಲರೂ ಹೇಳುವ ಮದ್ದು, ಸರ್ಟಿಫಿಕೇಟನ್ನು ಸುಮ್ಮನೆ ನಂಬಿಬಿಡು ಅಂತ ಒಂದು ಸೆಟ್ಟಿಂಗ್ ಹಾಕಿ. ಹಾಕಿದರೆ ದೋಷ ಮಾಯ. ಎದುರಿಗಿರುವುದು ನಿಜವಾಗಿ ನಮ್ಮ ಸರ್ವರೇನಾ ಎಂಬ ಪರೀಕ್ಷೆಯೂ ಮಾಯ. ನಂಬಿಕೆಗೆ ಯೋಗ್ಯವಾದ ಸರ್ಟಿಫಿಕೇಟ್ ಹಾಕಿಸುವುದು ಎರಡು ದಿನದ ಕೆಲಸ, ಆದರೆ ಸರಿಯಾದ ಕೆಲಸ.

ಕೊನೆಗೆ ಒಂದು ಕ್ರಮ

ಈ ಚರಿತ್ರೆಯಿಂದ ನಾನು ಕಟ್ಟಿಕೊಂಡ ಕ್ರಮ ಹೀಗಿದೆ. ಮೊದಲು ದಾರಿ: ಹೆಸರು ಸಿಗುತ್ತದೆಯೇ, ಪೋರ್ಟ್ ತೆರೆದಿದೆಯೇ? ಇದನ್ನು ನಿಮ್ಮ ಲ್ಯಾಪ್‌ಟಾಪಿನಿಂದಲ್ಲ, ಜಾಬ್ ಓಡುವ ಯಂತ್ರದಿಂದಲೇ ಪರೀಕ್ಷಿಸಿ. ಆಮೇಲೆ ಗುರುತು: ಆ ಹೊತ್ತಿನಲ್ಲಿ ಯಾವ ಖಾತೆ ಬಾಗಿಲು ಬಡಿಯಿತು, ಸರ್ವರಿನ ಲಾಗಿನಲ್ಲಿ ಸ್ಟೇಟ್ ಎಷ್ಟು, ಗಡಿಯಾರ ಸರಿಯಿದೆಯೇ? ಆಮೇಲೆ ಅನುಮತಿ: ಯಾವ ಕೋಷ್ಟಕ, ಯಾವ ಕೆಲಸ? ಕೊನೆಗೆ ಪ್ಯಾಕೇಜ್: ಕೀಲಿ, ಬಿಟ್, ಚಾಲಕ. ನೂರಕ್ಕೆ ನೂರು ಅಂತ ಹೇಳಲಾರೆ, ಆದರೆ ಈ ಸಾಲಿನಲ್ಲಿ ಹೋದರೆ ಒಂದು ಕಡೆಯ ದೋಷಕ್ಕೆ ಇನ್ನೊಂದು ಕಡೆ ಮದ್ದು ಹಚ್ಚುವುದು ತಪ್ಪುತ್ತದೆ.

ಇನ್ನೊಂದು ಮಾತು. ರಾತ್ರಿ ಮೂರೂವರೆಗೆ, ಮೇಲಿನವರು ಫೋನಿನಲ್ಲಿ ಕೂಗಾಡುವಾಗ, ಆ ಖಾತೆಗೆ ಸಿಸ್ ಅಡ್ಮಿನ್ ಕೊಟ್ಟುಬಿಡು, ಬೆಳಿಗ್ಗೆ ನೋಡೋಣ ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಕೊಟ್ಟರೆ ಜಾಬ್ ಓಡುತ್ತದೆ, ಎಲ್ಲರೂ ಮಲಗುತ್ತಾರೆ. ಆ ಬೆಳಿಗ್ಗೆ ಮಾತ್ರ ಯಾವತ್ತೂ ಬರುವುದಿಲ್ಲ. ಹಾಗೆ ಕೊಟ್ಟ ಅಧಿಕಾರ ವರ್ಷಗಟ್ಟಲೆ ಅಲ್ಲೇ ಕೂತಿರುತ್ತದೆ. ಖಾಲಿ ಪಾಸ್‌ವರ್ಡಿನ ಎಸ್‌ಎ ಕೂಡ ಯಾರೋ ಬೆಳಿಗ್ಗೆ ನೋಡೋಣ ಅಂದದ್ದೇ ಅಲ್ಲವೇ? ಆರು ತಿಂಗಳು ಹಚ್ಚದೆ ಬಿಟ್ಟ ತೇಪೆಯೂ ಅದೇ. ಆ ಡೇಟಾಬೇಸಿನಲ್ಲಿ ಯಾರದೋ ಸಂಬಳ, ಯಾರದೋ ಔಷಧಿ ಚೀಟಿ, ನಮ್ಮ ನಿಮ್ಮ ಅಪ್ಪ ಅಮ್ಮಂದಿರ ಪಿಂಚಣಿ ಇರುತ್ತದೆ.

ಹಾಗಾಗಿ ಮುಂದಿನ ಸಲ ಲಾಗಿನ್ ಫೇಲ್ಡ್ ಅಂತ ಕಂಡಾಗ ಬೈಯಿರಿ, ಬೈಯದೆ ಇರಲಾಗುವುದಿಲ್ಲ. ಬೈದಾದ ಮೇಲೆ ಒಂದು ಲೋಟ ಚಾ ಕುಡಿದು ಲಾಗ್ ತೆಗೆಯಿರಿ. ಬಾಗಿಲು ತೆರೆಯದಿದ್ದರೆ ಕಾವಲುಗಾರ ಎಚ್ಚರವಾಗಿದ್ದಾನೆ ಅಂತ ಲೆಕ್ಕ. ಅವನು ಏನು ಕೇಳುತ್ತಿದ್ದಾನೆ ಅಂತ ತಿಳಿದುಕೊಂಡು ಅಷ್ಟನ್ನೇ ಕೊಡಿ. ನಿಮ್ಮಲ್ಲೂ ಇಂಥ ರಾತ್ರಿಗಳ ಕಥೆ ಇರುತ್ತದೆ, ಬಿಡುವಾದಾಗ ಬರೆದು ತಿಳಿಸಿ.